ನಡುರಾತ್ರಿ ಕೂಗುವ ಹಳೆಯ ಅಲಾರಂ: ಕಿತ್ತೆಸೆಯಬೇಕೇ, ಸರಿ ಮಾಡಬಹುದೇ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟದ ನಡುವಿನ ಒಂಟಿ ಮನೆ. ಮಾವ ಶಾರ್ಜಾದಲ್ಲಿದ್ದಾಗ, 2004ರಲ್ಲಿ, ಅಲ್ಲಿಂದಲೇ ಕಳ್ಳರ ಅಲಾರಂ ತಂದು ಹಾಕಿಸಿದ್ದರು. ಮೂರು ಬಾಗಿಲಿಗೆ ಮ್ಯಾಗ್ನೆಟ್, ಚಾವಡಿಯಲ್ಲೂ ಮಾಳಿಗೆಯಲ್ಲೂ ಒಂದೊಂದು ಸೆನ್ಸರ್, ಹೊರಗೆ ಮಾಡಿನ ಕೆಳಗೆ ಸೈರನ್. ಮೂರು ವರ್ಷದ ಹಿಂದೆ ಸಿಡಿಲಿಗೆ ಸೈರನ್ ಹೋಗಿ ಹೊಸದು ಹಾಕಿಸಿದೆವು. ಒಳಗಿನ ಪೆಟ್ಟಿಗೆಯನ್ನು ಯಾರೂ ಮುಟ್ಟಿಲ್ಲ. ಈ ಸಲ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ರಾತ್ರಿ ಎರಡು ಮೂರು ಗಂಟೆಗೆ ಸುಮ್ನೆ ಕೂಗುತ್ತದೆ. ಕೆಲವು ಸಲ ಆ ಹೊತ್ತಿಗೆ ಕರೆಂಟು ಹೋಗಿ ಬಂದಿರುತ್ತದೆ, ಕೆಲವು ಸಲ ಇಲ್ಲ. ಎರಡು ಸಲ ಕೀಪ್ಯಾಡಿನಲ್ಲಿ 3ನೇ ನಂಬರು ಉರಿಯುತ್ತಿತ್ತು, ಅದು ಅಡುಗೆಮನೆಯ ಹಿಂಬಾಗಿಲು. ಒಂದು ರಾತ್ರಿ ತಡೆಯಲಾರದೆ ಮೈನ್ ಸ್ವಿಚ್ಚೇ ಆಫ್ ಮಾಡಿದೆ, ಆಗ ಹೊರಗಿನ ಸೈರನ್ ಮತ್ತೂ ಜೋರಾಗಿ ಕೂಗಿತು! ಕೀಪ್ಯಾಡಿನ ಹಳದಿ ಲೈಟು ಲ್ಯಾಂಡ್‌ಲೈನ್ ತೆಗೆಸಿ ಫೈಬರ್ ಹಾಕಿಸಿದಂದಿನಿಂದ ಉರಿಯುತ್ತಲೇ ಇದೆ. ಪೇಟೆಯ ಟೆಕ್ನಿಷಿಯನ್ ನೋಡಿ ಎಲ್ಲಾ ಹೊಸದು ಹಾಕಬೇಕು ಎಂದರು. ಪಕ್ಕದ ತೋಟದವರು ಮೊಬೈಲ್ ಟವರಿನಿಂದ ಎನ್ನುತ್ತಾರೆ. ಮೈದುನ ಹಲ್ಲಿ ಎನ್ನುತ್ತಾನೆ, ಸೈರನ್ ವಯರು ಕತ್ತರಿಸಿಬಿಡುವ ಎನ್ನುತ್ತಾನೆ. ಯಜಮಾನರು ಗಲ್ಫಿನಲ್ಲಿದ್ದಾರೆ. ಮನೆಯಲ್ಲಿ ನಾನು, ಎರಡು ಮಕ್ಕಳು, ಬಿಪಿ ಇರುವ ಅತ್ತೆ. ಕಳ್ಳರೇ ಬಂದು ಪರೀಕ್ಷೆ ಮಾಡುತ್ತಿದ್ದಾರಾ ಎಂಬ ಹೆದರಿಕೆಯೂ ಇದೆ. ಏನು ಮಾಡಲಿ?

ಉತ್ತರ: ಪರಿಹಾರಕ್ಕೆ ಬೇಕಾದ ಸುಳಿವೆಲ್ಲ ನಿಮ್ಮ ಪತ್ರದಲ್ಲೇ ಇದೆ. ಮೈನ್ ಸ್ವಿಚ್ ಆಫ್ ಮಾಡಿದಾಗ ಸೈರನ್ ಜೋರಾಗಿ ಕೂಗಿತು ಎಂದಿರಲ್ಲ, ಅದು ಅತಿ ಮುಖ್ಯವಾದದ್ದು. ಹಳದಿ ಲೈಟಿನ ಮಾತು ಅದರ ನಂತರದ್ದು. ನಾನು ಇಪ್ಪತ್ತು ವರ್ಷ ಮೀರಿ ಈ ಕೆಲಸದಲ್ಲಿದ್ದೇನೆ. ಗಲ್ಫಿನಿಂದ ಬಂದ ಇಂಥ ಸೆಟ್ಟುಗಳು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಮನೆಗಳಲ್ಲಿವೆ. ಅವು ಕೆಡುವ ರೀತಿ ಹೆಚ್ಚು ಕಮ್ಮಿ ಒಂದೇ.

ಮೊದಲು ನಿಮ್ಮ ಹೆದರಿಕೆಯ ವಿಷಯ. ಕಳ್ಳ ಬಾಗಿಲು ಅಲ್ಲಾಡಿಸಿ ಪರೀಕ್ಷಿಸಿದ್ದರೆ ಪ್ರತಿ ಸಲವೂ ಕೀಪ್ಯಾಡಿನಲ್ಲಿ ಒಂದು ಝೋನ್ ನಂಬರು, ಅಂದರೆ ಆ ಬಾಗಿಲಿನ ಅಥವಾ ಸೆನ್ಸರಿನ ನಂಬರು, ಉಳಿಯಬೇಕಿತ್ತು. ಕರೆಂಟು ಹೋಗಿ ಬಂದ ರಾತ್ರಿಗಳಲ್ಲಿ ನಂಬರೇ ಇಲ್ಲದೆ ಸೈರನ್ ಮಾತ್ರ ಕೂಗಿದ ಹಾಗಿದೆ. ಅದು ಒಳಗಿನ ವಿದ್ಯುತ್ ಸಮಸ್ಯೆ. ಆದರೂ ಬೆಳಿಗ್ಗೆ ಹಿಂಬಾಗಿಲ ಹೊರಗೆ ಕೆಸರಿನಲ್ಲಿ ಹೆಜ್ಜೆ ಇದೆಯಾ, ಚಿಲಕದ ಹತ್ತಿರ ಮರ ಕೆತ್ತಿದ ಗುರುತಿದೆಯಾ ಎಂದು ಒಮ್ಮೆ ನೋಡಿಬಿಡಿ. ಮನಸ್ಸು ಹಗುರಾಗುತ್ತದೆ. ರಾತ್ರಿ ಕೂಗಿದಾಗ ಮಾತ್ರ ನೀವೊಬ್ಬರೇ ಬಾಗಿಲು ತೆಗೆದು ಹೊರಗೆ ಹೋಗಬೇಡಿ. ಹೊರಗಿನ ಲೈಟು ಹಾಕಿ, ಕಿಟಕಿಯಿಂದ ನೋಡಿ. ಸಂಶಯ ಬಂದರೆ 112ಕ್ಕೆ ಫೋನ್ ಮಾಡಿ.

ಈಗ ಸೈರನ್ ವಿಷಯ. ಹೊರಗೆ ಹಾಕುವ ಅನೇಕ ಸೈರನ್‌ಗಳ ಒಳಗೆ ಅದರದ್ದೇ ಸಣ್ಣ ಬ್ಯಾಟರಿ ಇರುತ್ತದೆ. ಒಳಗಿನ ಪೆಟ್ಟಿಗೆಯಿಂದ, ಅಂದರೆ ಪ್ಯಾನೆಲ್‌ನಿಂದ, ವಯರಿನಲ್ಲಿ 12 ವೋಲ್ಟ್ ಬರುತ್ತಿರುವವರೆಗೆ ಅದು ಸುಮ್ಮನಿರುತ್ತದೆ. ಆ ವೋಲ್ಟೇಜ್ ನಿಂತ ಕ್ಷಣ, ಯಾರೋ ವಯರು ಕತ್ತರಿಸಿದ್ದಾರೆ ಎಂದು ತಿಳಿದು ತನ್ನ ಬ್ಯಾಟರಿಯಲ್ಲಿ ತಾನೇ ಕೂಗುತ್ತದೆ. ಕಳ್ಳ ಬುದ್ಧಿವಂತನಾದರೂ ಸೈರನ್ ಬಾಯಿ ಮುಚ್ಚಿಸಬಾರದು ಎಂದೇ ಹೀಗೆ ಮಾಡಿರುವುದು. ಹಾಗಾಗಿ ಮೈದುನರಿಗೆ ಹೇಳಿ, ವಯರು ಕತ್ತರಿಸಿದರೆ ಆ ರಾತ್ರಿ ಯಾರಿಗೂ ನಿದ್ದೆ ಇರುವುದಿಲ್ಲ. ಏಣಿ ಹತ್ತಿ ಮಳೆಯಲ್ಲಿ ಅದನ್ನು ಬಿಚ್ಚುವ ಸಾಹಸವೂ ಬೇಡ. ಕಿವಿಯ ಹತ್ತಿರ ಅಷ್ಟು ಜೋರಿನ ಸದ್ದು ಬಂದರೆ ಬೆಚ್ಚಿ ಕೆಳಗೆ ಬೀಳುತ್ತಾರೆ.

ಆದರೆ ಕರೆಂಟು ಹೋದಾಗ ಆ 12 ವೋಲ್ಟ್ ನಿಲ್ಲಬಾರದಿತ್ತು. ಪ್ಯಾನೆಲ್‌ನ ತಗಡಿನ ಪೆಟ್ಟಿಗೆಯಲ್ಲಿ ಕರೆಂಟಿಲ್ಲದಾಗ ಎಲ್ಲವನ್ನೂ ನಡೆಸಲೆಂದೇ ಒಂದು ಬ್ಯಾಟರಿ ಇದೆ. ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನದು, ನೀರು ಹಾಕುವ ಕೆಲಸವಿಲ್ಲದ ಮುಚ್ಚಿದ ಲೆಡ್ ಬ್ಯಾಟರಿ. ಒಂದು ಗೇಣಿಗಿಂತ ಕಮ್ಮಿ ಉದ್ದ, ಎರಡು ಕಿಲೋ ಆಸುಪಾಸು ತೂಕ. ಇದರ ಆಯುಷ್ಯ ಮೂರರಿಂದ ಐದು ವರ್ಷ. ಮೆಟ್ಟಿಲ ಕೆಳಗಿನ ಗಾಳಿಯಾಡದ ಸೆಕೆಯಲ್ಲಿಟ್ಟರೆ ಇನ್ನೂ ಕಮ್ಮಿ. ನಿಮ್ಮ ಪೆಟ್ಟಿಗೆಯನ್ನು ಯಾರೂ ಮುಟ್ಟಿಲ್ಲ ಎಂದರೆ ಅದರೊಳಗಿನ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿರಬೇಕು. ಸೈರನ್ ಹೊಸದು, ಅದರ ಬ್ಯಾಟರಿ ಗಟ್ಟಿ. ಪ್ಯಾನೆಲ್‌ನದು ಸತ್ತದ್ದು. ಮಳೆಗಾಲದಲ್ಲಿ ತೆಂಗಿನ ಮಡಲೋ ರಬ್ಬರ್ ಕೊಂಬೆಯೋ ಲೈನಿಗೆ ತಾಗಿ ಕೆಎಸ್‌ಇಬಿ ಕರೆಂಟು ಒಂದು ಗಳಿಗೆ ಹೋಗಿ ಬಂದರೂ ಸಾಕು, ಸೈರನ್ ಕೂಗುತ್ತದೆ. ನೀವು ಮೈನ್ ಸ್ವಿಚ್ ಆಫ್ ಮಾಡಿದಾಗ ಆದದ್ದೂ ಇದೇ. ಬೇರೆ ಪರೀಕ್ಷೆಯೇ ಬೇಕಾಗಿಲ್ಲ.

ಹಾಗಾದರೆ ಬ್ಯಾಟರಿ ಸತ್ತದ್ದನ್ನು ಪ್ಯಾನೆಲ್ ಹೇಳಲಿಲ್ಲವೇ? ಹೇಳಿದೆ, ನಿಮಗೆ ಕೇಳಿಸಲಿಲ್ಲ. ಹಳದಿ ಲೈಟು ಒಂದೇ, ದೂರುಗಳು ಹಲವು. ಕರೆಂಟಿಲ್ಲ, ಬ್ಯಾಟರಿ ಇಳಿದಿದೆ, ಫೋನ್ ಲೈನ್ ಸತ್ತಿದೆ, ಗಡಿಯಾರ ತಪ್ಪಿದೆ, ಎಲ್ಲಕ್ಕೂ ಅದೇ ಲೈಟು. ಲ್ಯಾಂಡ್‌ಲೈನ್ ತೆಗೆಸಿದ ದಿನದಿಂದ ಅದು ಫೋನ್ ಲೈನಿಗಾಗಿ ಉರಿಯುತ್ತಿತ್ತು. ಆಮೇಲೆ ಬ್ಯಾಟರಿಯ ದೂರೂ ಅದರ ಜೊತೆ ಸೇರಿಕೊಂಡಿತು. ಹೊರಗೆ ವ್ಯತ್ಯಾಸವೇ ಕಾಣಲಿಲ್ಲ. ಯಾವ ಯಾವ ದೂರು ಇದೆ ಎಂದು ಕೀಪ್ಯಾಡ್‌ನಲ್ಲೇ ನೋಡಬಹುದು. ನಿಮ್ಮದು ಡಿಎಸ್‌ಸಿ ಕಂಪನಿಯದಾದರೆ ನಕ್ಷತ್ರದ ಗುಂಡಿ ಒತ್ತಿ, ಆಮೇಲೆ 2 ಒತ್ತಿ. 3 ಉರಿದರೆ ಫೋನ್ ಲೈನಿನ ದೂರು. 1 ಉರಿದರೆ ಸರ್ವಿಸ್ ಬೇಕು ಎಂದರ್ಥ, ಬ್ಯಾಟರಿ ಇಳಿದದ್ದೂ ಅದರಲ್ಲೇ ಬರುತ್ತದೆ. ಬೇರೆ ಕಂಪನಿಯದಾದರೆ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಮಾಡೆಲ್ ನಂಬರು ಇರುತ್ತದೆ. ಅದನ್ನು ಹಾಕಿ ಹುಡುಕಿದರೆ ಪುಸ್ತಕ ಸಿಗುತ್ತದೆ.

ಬ್ಯಾಟರಿ ಅಳೆಯುವಾಗ ಅನೇಕ ಟೆಕ್ನಿಷಿಯನ್‌ಗಳೂ ಮೋಸ ಹೋಗುವ ಒಂದು ಜಾಗವಿದೆ. ಕರೆಂಟು ಇರುವಾಗ ಮಲ್ಟಿಮೀಟರ್ ಇಟ್ಟರೆ ಸತ್ತ ಬ್ಯಾಟರಿಯೂ 13.6, 13.7 ವೋಲ್ಟ್ ತೋರಿಸಬಹುದು. ಅದು ಚಾರ್ಜರ್‌ನ ವೋಲ್ಟೇಜ್. ಕರೆಂಟು ಆಫ್ ಮಾಡಿ, ಬ್ಯಾಟರಿಯ ಮೇಲೆ ಪ್ಯಾನೆಲ್ ನಡೆಯಲು ಬಿಟ್ಟು, ಹತ್ತು ನಿಮಿಷ ಕಾದು ನೋಡಬೇಕು. 12ಕ್ಕಿಂತ ಮೇಲೆ ನಿಂತರೆ ಜೀವ ಇದೆ. 11, 10 ಎಂದು ಜಾರುತ್ತಾ ಹೋದರೆ ಮುಗಿಯಿತು. ಹೊಟ್ಟೆ ಉಬ್ಬಿದ್ದರೆ ಅಥವಾ ಟರ್ಮಿನಲ್ ಸುತ್ತ ಬಿಳಿ ಪುಡಿ ಕಂಡರೆ ಅಳೆಯುವುದೂ ಬೇಡ, ಬದಲಿಸಿ. ಹೊಸದಕ್ಕೆ ಸಾವಿರ ರೂಪಾಯಿಯ ಆಸುಪಾಸು. ಬ್ಯಾಟರಿ ತೆಗೆದಿಟ್ಟು, ಕರೆಂಟು ಇರುವಾಗ ಚಾರ್ಜರ್ ವಯರಿನಲ್ಲಿ 13.5ರಿಂದ 13.8 ಬರುತ್ತದಾ ಎಂದೂ ನೋಡಿಸಿ. ಅದು ಬಾರದಿದ್ದರೆ ಪ್ಯಾನೆಲ್‌ನ ಚಾರ್ಜರೇ ಹೋಗಿದೆ. ಆಗ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ. ಜಾಸ್ತಿ ಹೊತ್ತು ಬರಲಿ ಎಂದು ಇನ್ವರ್ಟರಿನ ದೊಡ್ಡ ಬ್ಯಾಟರಿ ಜೋಡಿಸಬೇಡಿ, ಆ ಸಣ್ಣ ಚಾರ್ಜರ್ ಅದನ್ನು ತುಂಬಿಸಲಾರದು.

ಇದನ್ನು ನೀವೇ ಮಾಡಬಹುದಾ? ಬ್ಯಾಟರಿಯ ಕೆಂಪು ವಯರು ಪ್ಲಸ್‌ಗೆ, ಕಪ್ಪು ಮೈನಸ್‌ಗೆ, ಕೆಲಸ ಇಷ್ಟೇ. ಆದರೆ ಅದೇ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರಿಗೆ 230 ವೋಲ್ಟ್ ಬರುತ್ತದೆ. ಆ ಟರ್ಮಿನಲ್‌ಗಳು ಮುಚ್ಚಿಲ್ಲದೆ ಕಾಣುತ್ತಿದ್ದರೆ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಮುಚ್ಚಳ ತೆಗೆದ ತಕ್ಷಣವೂ ಸೈರನ್ ಕೂಗಬಹುದು, ನಿಮ್ಮ ಕೋಡ್ ಒತ್ತಿದರೆ ನಿಲ್ಲುತ್ತದೆ. ಹಗಲು ಹೊತ್ತು ಮಾಡಿಸಿ. ಅತ್ತೆಯವರಿಗೂ ನೆರೆಯವರಿಗೂ ಮೊದಲೇ ಹೇಳಿಡಿ.

ಇಷ್ಟರಿಂದ ಕರೆಂಟು ಹೋದ ರಾತ್ರಿಯ ಕೂಗು ನಿಲ್ಲುತ್ತದೆ. ಉಳಿದದ್ದು 3ನೇ ಝೋನ್, ಹಿಂಬಾಗಿಲು.

ಟವರಿನ ಮಾತು ಬಿಡಿ. ಫೋನನ್ನು ಸೆನ್ಸರಿಗೆ ತಾಗಿಸಿ ಹಿಡಿದರೆ ಕೆಲವು ಹಳೆಯ ಸೆನ್ಸರ್‌ಗಳು ಗಲಿಬಿಲಿಯಾಗುವುದುಂಟು. ಗುಡ್ಡದಾಚೆಯ ಟವರ್ ಮಳೆಗಾಲದಲ್ಲಿ ಮಾತ್ರ, ಅದೂ ಹಿಂಬಾಗಿಲಿಗೆ ಮಾತ್ರ ತೊಂದರೆ ಕೊಡುವುದಿಲ್ಲ. ಹಲ್ಲಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಚಾವಡಿಯ ಸೆನ್ಸರ್ ನೋಡುವುದು ಚಲಿಸುವ ಬಿಸಿಯನ್ನು. ಹಲ್ಲಿಯ ಮೈ ಗೋಡೆಯಷ್ಟೇ ತಣ್ಣಗಿರುವುದರಿಂದ ಎದುರಿನ ಗೋಡೆಯಲ್ಲಿ ಅದು ಓಡಾಡಿದರೆ ಸೆನ್ಸರಿಗೆ ಗೊತ್ತೇ ಆಗುವುದಿಲ್ಲ. ಆದರೆ ಸೆನ್ಸರ್‌ನ ಬಿಳಿ ಪರದೆಯ ಮೇಲೇ ಹರಿದಾಡಿದರೆ, ಅಥವಾ ವಯರಿನ ತೂತಿನಿಂದ ಇರುವೆ, ಜೇಡ ಒಳಗೆ ಹೊಕ್ಕು ಕಣ್ಣಿನ ಮುಂದೆಯೇ ನಡೆದಾಡಿದರೆ ಮನುಷ್ಯ ಬಂದ ಹಾಗೆಯೇ ತೋರುತ್ತದೆ. ಬಿಚ್ಚಿ ಒಣ ಬ್ರಶ್‌ನಲ್ಲಿ ಉಜ್ಜಿ, ತೂತನ್ನು ಸಿಲಿಕೋನಿನಿಂದ ಮುಚ್ಚಿಸಿ. ಮಾಳಿಗೆಯ ಸೆನ್ಸರ್ ಹಂಚಿನ ಸಂದಿಯ ಕಡೆ ಮುಖ ಮಾಡಿದ್ದರೆ ಕಬ್ಬೆಕ್ಕು ಬಂದಾಗಲೂ ಕೂಗುತ್ತದೆ, ಅದು ಬಿಸಿರಕ್ತದ ಪ್ರಾಣಿ. ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿ ಫ್ಯಾನ್ ಹಾಕುತ್ತೇವೆ ಅಲ್ವಾ, ಸೆನ್ಸರ್ ಎದುರು ಅಲ್ಲಾಡುವ ಬಟ್ಟೆಯೂ ಬೇಡ. ಆದರೆ ನೀವು ಬರೆದ ಪ್ರಕಾರ ಈಗ ಕೂಗಿಸುತ್ತಿರುವುದು ಸೆನ್ಸರ್ ಅಲ್ಲ, ಬಾಗಿಲು. ಹಾಗಾಗಿ ಹಲ್ಲಿಗೆ ಸದ್ಯ ಬಿಡುಗಡೆ.

ಬಾಗಿಲಿನ ಸೆನ್ಸರ್ ಬಹಳ ಸರಳ. ಬಾಗಿಲಲ್ಲಿ ಒಂದು ಮ್ಯಾಗ್ನೆಟ್, ದಾರಂದದಲ್ಲಿ ಗಾಜಿನ ಕೊಳವೆಯೊಳಗೆ ತೆಳು ಪಟ್ಟಿಯ ಸ್ವಿಚ್ಚು. ಮ್ಯಾಗ್ನೆಟ್ ಹತ್ತಿರವಿದ್ದರೆ ಪಟ್ಟಿಗಳು ಕೂಡಿರುತ್ತವೆ, ದೂರ ಹೋದರೆ ಬಿಡುತ್ತವೆ. ಸಾಮಾನ್ಯವಾಗಿ ಒಂದೂವರೆ, ಎರಡು ಸೆಂಟಿಮೀಟರಿನವರೆಗೆ ಮಾತ್ರ ಹಿಡಿತ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹಲಸಿನ ಮರದ್ದೇ ಇರಲಿ, ಬೇರೆಯದೇ ಇರಲಿ, ಹಳೆಯ ಬಾಗಿಲು ಆಗ ಉಬ್ಬಿ ದಾರಂದದಲ್ಲಿ ಪೂರ್ತಿ ಕೂರುವುದಿಲ್ಲ. ಚಿಲಕ ಹಾಕಿದರೂ ಒಂದು ಬೆರಳಷ್ಟು ಆಡುತ್ತದೆ. ಹಗಲಿಗೆ ಏನೂ ಆಗದು. ರಾತ್ರಿ ಗಾಳಿ ಮಳೆ ಬೀಸಿ ತಳ್ಳಿದಾಗ ಮ್ಯಾಗ್ನೆಟ್ ಹಿಡಿತ ತಪ್ಪುತ್ತದೆ. ನೀವೇ ನೋಡಿ: ಹಗಲು ಅಲಾರಂ ಆಫ್ ಇರುವಾಗ ಹಿಂಬಾಗಿಲು ಹಾಕಿ, ಒಳಗಿನಿಂದ ತಳ್ಳಿ, ಎಳೆಯಿರಿ. ಒಬ್ಬರು ಕೀಪ್ಯಾಡ್ ನೋಡುತ್ತಿರಲಿ. 3ನೇ ಲೈಟು ಮಿಣುಕಿದರೆ ಕಾರಣ ಸಿಕ್ಕಿತು. ಬಡಗಿಯಿಂದ ಬಾಗಿಲು ಸ್ವಲ್ಪ ಹೆರೆಸಿ, ಮ್ಯಾಗ್ನೆಟ್ ಒಂದಿಷ್ಟು ಮುಂದೆ ಸರಿಸಿದರೆ ಆಯಿತು.

ಮಿಣುಕದಿದ್ದರೆ ವಯರಿನ ದಾರಿ ಹಿಡಿಯಬೇಕು. ಇಂಥ ಮನೆಗಳಲ್ಲಿ ನಾನು ಮೊದಲು ಹತ್ತುವುದು ಅಡುಗೆಮನೆಯ ಮೇಲಿನ ಅಟ್ಟಕ್ಕೆ. ಬಾಗಿಲಿನಿಂದ ಬಂದ ತೆಳು ವಯರು ಅಲ್ಲೆಲ್ಲೋ ಇನ್ನೊಂದು ವಯರಿಗೆ ಸುತ್ತಿಕೊಂಡಿರುತ್ತದೆ. ಸಾಲ್ಡರ್ ಇಲ್ಲ, ಡಬ್ಬಿ ಇಲ್ಲ, ಕಪ್ಪು ಟೇಪು ಮಾತ್ರ. ಟೇಪಿನ ಅಂಟು ಕರಗಿ, ಒಲೆಯ ಮಸಿ ಹಿಡಿದು ಬೆರಳಿಗೆ ಅಂಟುತ್ತದೆ. ಬಿಡಿಸಿದರೆ ಒಳಗೆ ತಾಮ್ರ ಹಸಿರು ಕಿಲುಬು ಹಿಡಿದಿರುತ್ತದೆ, ಮೆಲ್ಲಗೆ ಎಳೆದರೆ ಎಳೆಗಳು ಪುಡಿಯಾಗಿ ಕೈಗೆ ಬರುತ್ತವೆ. ಬೇಸಿಗೆಯಲ್ಲಿ ಹೇಗೋ ನಡೆಯುವ ಆ ಜೋಡಣೆ ತೇವ ಹಿಡಿದಾಗ ಬಿಡುತ್ತದೆ, ಕೂಡುತ್ತದೆ.

ಟೆಕ್ನಿಷಿಯನ್ ಬಂದಾಗ ಇದನ್ನು ಮೀಟರಿನಲ್ಲಿ ತೋರಿಸಿ ಎಂದು ಕೇಳಿ. ಪ್ಯಾನೆಲ್‌ನಿಂದ 3ನೇ ಝೋನಿನ ಎರಡು ವಯರು ಬಿಚ್ಚಿ, ಬಾಗಿಲು ಹಾಕಿ, ಓಮ್ಸ್, ಅಂದರೆ ವಯರಿನ ತಡೆ, ಅಳೆಯಬೇಕು. ಬಾಗಿಲ ಹತ್ತಿರ ರೆಸಿಸ್ಟರ್ (ಇಂತಿಷ್ಟೇ ತಡೆ ಕೊಡುವ ಸಣ್ಣ ಬಿಡಿಭಾಗ) ಹಾಕಿದ್ದರೆ ಅದರ ಓಮ್ಸ್ ಅಂಕಿಯೇ ಬರಬೇಕು. ಡಿಎಸ್‌ಸಿಯಲ್ಲಿ 5,600 ಓಮ್ಸ್, ಬೇರೆ ಕಂಪನಿಗಳದ್ದು ಬೇರೆ. ರೆಸಿಸ್ಟರನ್ನು ಪ್ಯಾನೆಲ್‌ನಲ್ಲೇ ಸಿಕ್ಕಿಸಿದ್ದರೆ ಕೆಲವೇ ಓಮ್ಸ್ ಬರಬೇಕು. ನೂರುಗಟ್ಟಲೆ ಜಾಸ್ತಿ ಬಂದರೆ, ಅಥವಾ ಅಟ್ಟದಲ್ಲಿ ವಯರು ಅಲ್ಲಾಡಿಸಿದಾಗ ಅಂಕಿ ಕುಣಿದರೆ ಜೋಡಣೆ ಕೆಟ್ಟಿದೆ. ಮೀಟರ್ ಇಲ್ಲದೆಯೂ ಒಂದು ಉಪಾಯವಿದೆ. 3 ಮತ್ತು 4ನೇ ಝೋನಿನ ವಯರುಗಳನ್ನು ಪ್ಯಾನೆಲ್‌ನಲ್ಲಿ ಅದಲು ಬದಲು ಮಾಡಿ ಒಂದೆರಡು ವಾರ ಬಿಡಿ. ಮುಂದಿನ ಸಲ 4 ಉರಿದರೆ ದೋಷ ವಯರು ಅಥವಾ ಬಾಗಿಲಿನದು. ಮತ್ತೆ 3 ಉರಿದರೆ ಪ್ಯಾನೆಲ್‌ನದು. ಎಲ್ಲಾ ಹೊಸದು ಹಾಕಬೇಕು ಎನ್ನುವವರು ಇಷ್ಟನ್ನಾದರೂ ಮಾಡಿ ನೋಡಿ ಹೇಳಬೇಕು. ನೋಡದೆ ಹೇಳಿದ ಮಾತಿಗೆ ನೀವು ದುಡ್ಡು ಕೊಡಬೇಕಾಗಿಲ್ಲ.

ಅದಕ್ಕಿಂತ ಮುಂಚೆ ಕೀಪ್ಯಾಡಿನ ಪಕ್ಕ ಒಂದು ಕಾಗದ ಅಂಟಿಸಿ. ಕೂಗಿದಾಗೆಲ್ಲ ತಾರೀಕು, ಗಂಟೆ, ಝೋನ್ ನಂಬರು, ಕರೆಂಟು ಹೋಗಿತ್ತಾ, ಗಾಳಿ ಇತ್ತಾ, ಇಷ್ಟು ಬರೆಯಿರಿ. ಝೋನ್ ನಂಬರನ್ನು ರೀಸೆಟ್ ಮಾಡುವ ಮೊದಲೇ ನೋಡಿಕೊಳ್ಳಬೇಕು.

ನೀವು ಕೇಳದ ಒಂದು ವಿಷಯವನ್ನು ನಾನು ಒತ್ತಿ ಹೇಳಬೇಕು. ಸುಳ್ಳು ಕೂಗು ನಿದ್ದೆ ಕೆಡಿಸುತ್ತದೆ. ಆದರೆ ನಿಜವಾಗಿ ಅಪಾಯ ತರುವುದು ಕೂಗಬೇಕಾದಾಗ ಕೂಗದ ಬಾಗಿಲು. ಮೂರು ವರ್ಷದ ಹಿಂದೆ ನಿಮ್ಮಲ್ಲಿ ಸಿಡಿಲು ಹೊಡೆದಿದೆ. ಉದ್ದ ವಯರುಗಳಲ್ಲಿ ಸಿಡಿಲಿನ ವೋಲ್ಟೇಜ್ ಹರಿದಾಗ ಗಾಜಿನ ಕೊಳವೆಯೊಳಗಿನ ಪಟ್ಟಿಗಳು ಒಂದಕ್ಕೊಂದು ಬೆಸೆದುಹೋಗುವುದುಂಟು. ಆಮೇಲೆ ಬಾಗಿಲು ತೆರೆದರೂ ಪ್ಯಾನೆಲ್‌ಗೆ ಮುಚ್ಚಿದ ಹಾಗೆಯೇ ಕಾಣುತ್ತದೆ. ಯಾವ ಲೈಟೂ ಹೇಳುವುದಿಲ್ಲ. ಇವತ್ತೇ ಒಂದೊಂದು ಬಾಗಿಲು ತೆರೆದು ಲೈಟು ಬರುತ್ತದಾ ನೋಡಿ. ಸೆನ್ಸರ್‌ಗಳ ಎದುರು ಅಡ್ಡಡ್ಡ ನಡೆದು ನೋಡಿ, ನೇರ ಎದುರಿಗೆ ಬರುವವರಿಗಿಂತ ಅಡ್ಡ ಹೋಗುವವರನ್ನು ಅವು ಬೇಗ ಹಿಡಿಯುತ್ತವೆ. ಅಡಿಕೆ ಚೀಲ ಪೇರಿಸಿ ಸೆನ್ಸರ್‌ನ ಕಣ್ಣು ಮುಚ್ಚಿಹೋಗಿದೆಯಾ ಎಂದೂ ಗಮನಿಸಿ. ಏಪ್ರಿಲ್, ಮೇ ಮತ್ತು ತುಲಾ ಮಾಸದ ಗುಡುಗು ಮಳೆಗಳ ನಂತರ ಪ್ರತಿ ವರ್ಷ ಇದನ್ನು ಮಾಡಿ.

ಈಗ ದುಡ್ಡಿನ ಮಾತು. ಬ್ಯಾಟರಿ, ಹಿಂಬಾಗಿಲು, ಒಂದೆರಡು ಜೋಡಣೆ, ಇಷ್ಟೇ ಸರಿ ಮಾಡಿಸುವುದು ಅಗ್ಗದ ದಾರಿ. ನಾನಾದರೆ ಮೊದಲು ಇದನ್ನೇ ಮಾಡುತ್ತೇನೆ. ಅದರ ತೊಂದರೆ ಏನೆಂದರೆ ಪ್ಯಾನೆಲ್‌ಗೆ ಇಪ್ಪತ್ತು ವರ್ಷ ದಾಟಿದೆ. ನಾಳೆ ಅದರ ಬೋರ್ಡ್ ಹೋದರೆ ಬಿಡಿಭಾಗ ಸಿಗುವುದು ಕಷ್ಟ. ಹಾಗಾದ ದಿನ ಪ್ಯಾನೆಲ್ ಮತ್ತು ಕೀಪ್ಯಾಡ್ ಮಾತ್ರ ಹೊಸದು ಹಾಕಿಸಿ. ವಯರು, ಬಾಗಿಲಿನ ಮ್ಯಾಗ್ನೆಟ್, ಸೈರನ್ ಹಳೆಯವೇ ನಡೆಯುತ್ತವೆ, ರೆಸಿಸ್ಟರ್ ಮಾತ್ರ ಹೊಸ ಪ್ಯಾನೆಲ್‌ಗೆ ತಕ್ಕಂತೆ ಬದಲಿಸಬೇಕು. ಗೋಡೆಯೊಳಗೆ ಎಳೆದ ವಯರು ಆ ಮನೆಯ ಆಸ್ತಿ. ಅದನ್ನು ಬಿಟ್ಟು ಎಲ್ಲಾ ವಯರ್‌ಲೆಸ್ ಮಾಡಿಸಿ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ದಪ್ಪ ಮುರಕಲ್ಲಿನ ಗೋಡೆಗಳಲ್ಲಿ ಸಿಗ್ನಲ್ ಕುಗ್ಗುತ್ತದೆ. ಪ್ರತಿ ಸೆನ್ಸರಿಗೂ ಬ್ಯಾಟರಿ ಬದಲಿಸುತ್ತಿರಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅನೇಕ 433 ಮೆಗಾಹರ್ಟ್ಸ್ ಸೆಟ್ಟುಗಳಲ್ಲಿ ಸೆನ್ಸರ್ ಸತ್ತರೂ ಪ್ಯಾನೆಲ್‌ಗೆ ತಿಳಿಯುವುದಿಲ್ಲ. ಸಿಸಿಟಿವಿ ಸಾಕಲ್ವಾ ಎಂದು ಕೆಲವರು ಕೇಳುತ್ತಾರೆ. ಅದು ಆದದ್ದನ್ನು ತೋರಿಸುತ್ತದೆ, ನಿಮ್ಮನ್ನು ಎಬ್ಬಿಸುವುದು ಸೈರನ್ನೇ.

ಅತ್ತೆಯವರ ಸಲುವಾಗಿ ಇನ್ನೊಂದು ಮಾತು. ರಾತ್ರಿ ನೀವೆಲ್ಲ ಒಳಗಿರುವಾಗ ಪೂರ್ತಿ ಅಲಾರಂ ಹಾಕಬೇಡಿ. ಬಾಗಿಲುಗಳು ಮಾತ್ರ ಕಾಯುವ, ಒಳಗಿನ ಸೆನ್ಸರ್ ಬಿಡುವ ರಾತ್ರಿಯ ಮೋಡ್ ಹೆಚ್ಚಿನ ಪ್ಯಾನೆಲ್‌ಗಳಲ್ಲಿದೆ. ಕೀಪ್ಯಾಡಿನಲ್ಲಿ ಸ್ಟೇ ಅಥವಾ ಪಾರ್ಟ್ ಎಂಬ ಗುಂಡಿ ಹುಡುಕಿ. ಅತ್ತೆ ರಾತ್ರಿ ಎದ್ದು ನೀರಿಗೆ ಹೋದರೆ ಕೂಗುವುದಿಲ್ಲ. ಬಾಗಿಲು ಸರಿಯಾಗುವವರೆಗೆ 3ನೇ ಝೋನನ್ನು ಬೈಪಾಸ್ ಮಾಡಿಟ್ಟು, ಅಂದರೆ ಅಲಾರಂ ಅದೊಂದನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿ, ಹಿಂಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಹಾಕಿ ಮಲಗಿ.

ಫೋನ್ ಲೈನಿನ ಕಥೆ ಮಾತ್ರ ಮುಗಿದಿದೆ. ಅಲಾರಂ ಕೂಗಿದಾಗ ತಾನೇ ಫೋನ್ ಮಾಡುವ ಹಳೆಯ ಡಯಲರ್ ತಾಮ್ರದ ಲೈನಿಗಾಗಿ ಮಾಡಿದ್ದು. ಫೈಬರ್ ಡಬ್ಬಿಯ ಫೋನ್ ತೂತಿಗೆ ಸಿಕ್ಕಿಸಿದರೂ ಕರೆಂಟು ಹೋದಾಗ ಡಬ್ಬಿಯೇ ಆರಿಹೋಗುತ್ತದೆ. ಸೈರನ್ ಕೂಗಿದಾಗ ಗಲ್ಫಿನಲ್ಲಿರುವ ಯಜಮಾನರಿಗೂ ಮೈದುನರಿಗೂ ಕರೆ ಹೋಗಬೇಕು ಎಂದಿದ್ದರೆ ಸಿಮ್ ಹಾಕುವ ಡಯಲರ್ ಜೋಡಿಸಬಹುದು. ಅದು 2ಜಿ ಮಾದರಿಯದಾದರೆ ಜಿಯೋ ಸಿಮ್ ನಡೆಯುವುದಿಲ್ಲ, ಜಿಯೋದಲ್ಲಿ 2ಜಿ ಇಲ್ಲ. 4ಜಿ ಡಯಲರ್ ತೆಗೆದುಕೊಳ್ಳುವುದೇ ಒಳ್ಳೆಯದು. ಯಾವ ಕಂಪನಿಯ ಸಿಗ್ನಲ್ ಪೆಟ್ಟಿಗೆ ಇರುವ ಜಾಗದಲ್ಲಿ ಸಿಗುತ್ತದೆ ಎಂದು ಮೊದಲು ನಿಮ್ಮ ಫೋನನ್ನೇ ಅಲ್ಲಿಟ್ಟು ನೋಡಿ. ಆ ಸಿಮ್‌ಗೆ ರೀಚಾರ್ಜ್ ಮರೆಯಬೇಡಿ. ತಿಂಗಳಿಗೊಮ್ಮೆ ಅದರಿಂದ ಕರೆ ಹೋಗುವಂತೆ ಪರೀಕ್ಷಿಸಿ, ಬಳಸದೆ 90 ದಿನ ಬಿಟ್ಟರೆ ಸಿಮ್ ನಿಂತುಹೋಗಬಹುದು. ಹಳೆಯ ಫೋನ್ ಲೈನ್ ನೋಡುವ ಕೆಲಸವನ್ನು ಪ್ಯಾನೆಲ್‌ನಲ್ಲಿ ಆಫ್ ಮಾಡಿಸುವುದನ್ನೂ ಟೆಕ್ನಿಷಿಯನ್‌ಗೆ ಹೇಳಿ. ಆಗ ಹಳದಿ ಲೈಟು ಆರುತ್ತದೆ, ಮುಂದೆ ಉರಿದರೆ ಏನೋ ಇದೆ ಎಂದು ತಿಳಿಯುತ್ತದೆ. ಅದಕ್ಕೆ ಇನ್‌ಸ್ಟಾಲರ್ ಕೋಡ್, ಅಂದರೆ ಅಲಾರಂ ಜೋಡಿಸಿದವರು ಸೆಟ್ಟಿಂಗ್ ಬದಲಿಸಲು ಬಳಸುವ ಕೋಡ್, ಬೇಕು. ಮಾವನವರ ಹಳೆಯ ಫೈಲಿನಲ್ಲಿ ಹುಡುಕಿ. ಸಿಗದಿದ್ದರೆ ಕೆಲವು ಪ್ಯಾನೆಲ್‌ಗಳನ್ನು ಫ್ಯಾಕ್ಟರಿ ಸ್ಥಿತಿಗೆ ತರಬಹುದು, ಆದರೆ ಝೋನ್‌ಗಳ ಸೆಟ್ಟಿಂಗ್ ಎಲ್ಲಾ ಅಳಿಯುತ್ತದೆ. ಯಾವ ಝೋನ್ ಯಾವುದು ಎಂದು ಬರೆದಿಟ್ಟುಕೊಳ್ಳದೆ ಅದಕ್ಕೆ ಒಪ್ಪಬೇಡಿ.

ಮದುವೆಗೋ ಪೂಜೆಗೋ ಮನೆ ಬೀಗ ಹಾಕಿ ಹೋಗುವುದಿದ್ದರೆ ಕೇರಳ ಪೊಲೀಸರ ಪೋಲ್-ಆ್ಯಪ್‌ನಲ್ಲಿ ಬೀಗ ಹಾಕಿದ ಮನೆಯ ಮಾಹಿತಿ ಕೊಡುವ ವ್ಯವಸ್ಥೆ ಇದೆ. 14 ದಿನಗಳವರೆಗೆ ಪೊಲೀಸರು ಆ ಕಡೆ ಕಣ್ಣಿಡುತ್ತಾರೆ. ಸುಳ್ಳು ಕೂಗಿನಿಂದ ಬೇಸತ್ತ ಪಕ್ಕದ ತೋಟದವರಿಗೂ, ಬ್ಯಾಟರಿ ಬದಲಿಸಿದ ಮೇಲೆ ಹೋಗಿ ಒಂದು ಮಾತು ಹೇಳಿ: ಈಗ ಸರಿಯಾಗಿದೆ, ಇನ್ನು ಮುಂದೆ ಕೂಗಿದರೆ ದಯವಿಟ್ಟು ಟಾರ್ಚ್ ಹಾಕಿ ನೋಡಿ, ಫೋನ್ ಮಾಡಿ ಎಂದು. ಬ್ಯಾಟರಿ, ಬಾಗಿಲು ಎರಡೂ ಸರಿಯಾದ ಮೇಲೂ ಕೂಗಿದರೆ ಕೀಪ್ಯಾಡಿನ ಪಕ್ಕ ಬರೆದಿಟ್ಟ ಕಾಗದದ ಫೋಟೋ ಮತ್ತು ಪ್ಯಾನೆಲ್‌ನ ಮಾಡೆಲ್ ನಂಬರು ನನಗೆ ಕಳಿಸಿ. ಅದನ್ನು ನೋಡಿ ಮುಂದಿನದ್ದು ಹೇಳುತ್ತೇನೆ.